ಹೆಡತಲೆಯ ಬಿಳಿ ಗೆರೆ

ನೊಣ ಕ್ಲೆಮ್ ಲೀಶ್ಕೆಯ ಹೆಸರಿನ ಮೇಲೆ ಕೂತಿದೆ, ಕೊನೆಯ ಅಕ್ಷರದ ಮೇಲೆ, ಊಟಕ್ಕೆ ಕೂತವರ ಹಾಗೆ ಮುಂಗಾಲು ಉಜ್ಜಿಕೊಳ್ಳುತ್ತಿದೆ — ಕಿಟಕಿ ಮುಚ್ಚಿ ಏಸಿ ಹಾಕಿರುವ ಈ ಕೋಣೆಗೆ ಹೇಗೆ ಬಂತೋ, ಮೆಲ್ಬರ್ನಿನಲ್ಲಿ ನವೆಂಬರ್ ಬಂತೆಂದರೆ ಬೇಸಿಗೆ, ನೊಣ ಗೋಡೆಯನ್ನೇ ತೂರಿಕೊಂಡು ಬರುತ್ತದೆ, ಏಳು, ಅವನ ಮೇಲಿಂದ ಏಳು ಎಂದು ಲಾಕಿ ಪೆಂಗಿಲಿ ಮನಸ್ಸಿನಲ್ಲೇ ಗದರಿದ, ಅದು ಏಳಲಿಲ್ಲ, ಪಕ್ಕದ ಹೆಸರಿನ ಮೇಲೆ ಕೂರಬಾರದೇ, ಹ್ಯೂಗೋ ಬ್ಯಾಲ್ಫೋರ್, ಅಲ್ಲಿ ಹೋಗು, ಆ ಹೆಸರು ನೋಡಲಿಕ್ಕೇ ಇಸ್ತ್ರಿ ಮಾಡಿಟ್ಟ ಹಾಗಿದೆ. ಗೋಡೆಯಗಲದ ಬಿಳಿ ಬೋರ್ಡು, ಅದರ ತುಂಬ ಮ್ಯಾಗ್ನೆಟ್ಟಿನ ಪಟ್ಟಿಗಳು, ಒಂದು ಪಟ್ಟಿಗೆ ಒಬ್ಬ ಹುಡುಗ, ಆಗತಾನೇ ಹದಿನೆಂಟು ತುಂಬಿದವರು, ಬೆಳಗಿನಿಂದ ಮೇಲೆ ಕೆಳಗೆ ಜಾರುತ್ತಿದ್ದಾರೆ, ಸಂಜೆ ಡ್ರಾಫ್ಟು, ಕೈಯಲ್ಲೂ ಚೆಂಡು ಹಿಡಿಯುವ ಇಲ್ಲಿನ ಫುಟ್‌ಬಾಲಿನ ದೊಡ್ಡ ಕ್ಲಬ್ಬುಗಳೆಲ್ಲ ಸರದಿಯ ಪ್ರಕಾರ ಒಬ್ಬೊಬ್ಬನನ್ನು ಎತ್ತಿಕೊಳ್ಳುವ ಸಂಜೆ, ಎತ್ತಿಕೊಳ್ಳುವ ಅಂತ ಯಾಕಂತಾರೋ, ಗುಡ್ಡೆ ಹಾಕಿದ ತರಕಾರಿಯಾ ಅವರು — ಇವರ ಕ್ಲಬ್ಬಿನ ಕೊನೆಯ ಸರದಿಗೆ ಈಗ ಎರಡೇ ಪಟ್ಟಿ ಉಳಿದಿವೆ, ಒಬ್ಬ ಬೇಕು, ಒಬ್ಬ ಬೇಡ, ಇವರಿಗೆ ಬೇಡವಾದವನನ್ನು ಬೇರೆ ಯಾರೂ ಕೇಳುವುದಿಲ್ಲ, ಅದು ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಏನೋ ಬ್ರೇಕು, ನಿದ್ದೇನಾ, ಎಂದ ಮರ್ವ್ ಡೂಲನ್, ಹುಡುಗರನ್ನು ಆರಿಸುವ ದೊಡ್ಡ ತಲೆ, ಮೂಗು ಮೂರು ಕಡೆ ಮುರಿದು ಮೂರು ಕಡೆ ಕೂಡಿಕೊಂಡ ಮನುಷ್ಯ, ಬೆರಳುಗಳು ಒಣ ಬೇರಿನ ಹಾಗೆ ಸೊಟ್ಟ. ಇಲ್ಲ ಮರ್ವ್, ಯೋಚ್ನೆ ಮಾಡ್ತಿದ್ದೆ. ಯೋಚ್ನೆನಾ, ಅದನ್ನ ಮಾಡಿ ಮಾಡೇ ಅಲ್ವೇನೋ ನಿನ್ನ ಆಟ ಕೆಟ್ಟಿದ್ದು. ನಕ್ಕರು, ಲಾಕಿಯೂ ನಕ್ಕ, ನಗಬೇಕು, ಇಲ್ಲಿ ನಗದವನು ಮುಗಿದ, ಆ ನಗು ಅವನ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ ಇದೆ, ಬೇಕಾದಾಗ ಹಾಕಿಕೊಳ್ಳುವುದು.

ಬ್ರೇಕು. ಒಂದು ಕ್ಷಣ, ಒಂದು ಕ್ಷಣವೂ ಅಲ್ಲ, ತಲೆ ಇಷ್ಟೇ ಇಷ್ಟು ಹೊರಳಿತ್ತು, ಅಷ್ಟಕ್ಕೇ ಒಂದು ಹೆಸರು ಬಿತ್ತು. ಅವನೇ ಆಡುತ್ತಿದ್ದ ಕಾಲ, ತುಂಬಿದ ಮೈದಾನ, ಚೆಂಡು ಆಕಾಶದಲ್ಲಿತ್ತು, ಅವನು ಹಿಂದಕ್ಕೆ ಓಡುತ್ತಿದ್ದ, ಚೆಂಡು ಹೋಗುವ ದಿಕ್ಕಿಗೇ, ಬೀಳುವ ಮೊದಲು ಹಿಡಿಯಲು, ಕಣ್ಣು ಮೇಲೆ ನೆಟ್ಟು ಓಡುವುದು, ಎದುರಿನಿಂದ ಒಬ್ಬ ಪೂರಾ ವೇಗದಲ್ಲಿ ಬರುತ್ತಿರುತ್ತಾನೆ, ಅವನ ಮೊಣಕಾಲು ನಿನ್ನ ಪಕ್ಕೆಗೆ ಬರುತ್ತದೋ ದವಡೆಗೆ ಬರುತ್ತದೋ ನೋಡಬಾರದು, ಆ ಆಟದಲ್ಲಿ ಗಂಡಸುತನ ಅಂತ ಏನನ್ನು ಕರೆಯುತ್ತಾರೋ ಅದೆಲ್ಲ ಆ ನೋಡದಿರುವುದರಲ್ಲೇ ಇದೆ, ಲಾಕಿ ನೋಡಿದ. ನೋಡಿ ಹೆಜ್ಜೆ ಗಿಡ್ಡ ಮಾಡಿದ. ಚೆಂಡು ಬಿತ್ತು, ಎದುರಿನವನು ಎತ್ತಿಕೊಂಡು ಹೋಗಿ ಗೋಲು ಹೊಡೆದ, ಟಿವಿಯವರು ಅದನ್ನು ನಿಧಾನಕ್ಕೆ, ಇನ್ನೂ ನಿಧಾನಕ್ಕೆ, ಅವನ ಕಣ್ಣಿನ ಬಿಳಿ ಹೊರಳುವುದು ಕಾಣುವಷ್ಟು ನಿಧಾನಕ್ಕೆ ತೋರಿಸಿದರು, ಮುಂದಿನ ವಾರ ಅವನ ಬೀರುವಿನ ಕೊಕ್ಕೆಗೆ ಯಾರೋ ಹಳೇ ಗಾಡಿಯಿಂದ ಕಿತ್ತ ಬ್ರೇಕಿನ ಪೆಡಲು ನೇತುಹಾಕಿದ್ದರು, ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು, ಎಲ್ಲರೂ ಅವನ ಮುಖ ನೋಡುತ್ತಿದ್ದರು, ನಕ್ಕ, ಪೆಡಲನ್ನು ಪಾದದಿಂದ ಒತ್ತಿ ಕ್ರೀಂಚ್ ಅಂತ ಬಾಯಲ್ಲಿ ಸದ್ದು ಬೇರೆ ಮಾಡಿ ತೋರಿಸಿದ, ಎಂಥ ತಮಾಷೆಯ ಮನುಷ್ಯ ಅಂದರು, ಆ ವರ್ಷದ ಕೊನೆಗೆ ಹೊರಗೆ ಹಾಕಿದರು. ಓದು ಬಿಟ್ಟು ಹದಿನಾರಕ್ಕೆ ಬಂದವನು, ಕೈಯಲ್ಲಿ ಬೇರೆ ವಿದ್ಯೆಯಿಲ್ಲ, ಪಡುವಣ ಸೀಮೆಯ ಊರೂರು ಸುತ್ತಿ ಹುಡುಗರನ್ನು ನೋಡು ಅಂತ ಮರ್ವನೇ ಕರೆದು ಕೆಲಸ ಕೊಟ್ಟ, ಕೆಲಸದ ಜೊತೆ ಹೆಸರನ್ನೂ ವಾಪಸ್ಸು ಕೊಟ್ಟ, ಏನೋ ಬ್ರೇಕು.

ಮರ್ವ್ ಕಲಿಸಿದ್ದು ಬಹಳ. ಅಪ್ಪನ ಮಣಿಕಟ್ಟು ನೋಡು, ಹುಡುಗ ಇನ್ನೆಷ್ಟು ತುಂಬ್ಕೋತಾನೆ ತಿಳಿಯತ್ತೆ. ಅಮ್ಮನ ಎತ್ತರ ನೋಡು, ಸೋದರಮಾವಂದಿರು ಇದ್ರೆ ಅವ್ರನ್ನೂ ನೋಡು. ಮನೇಗ್ ಹೋದಾಗ ಊಟ ಆದ್ಮೇಲೆ ತಟ್ಟೆ ಯಾರು ಎತ್ತುತಾರೆ ನೋಡು, ಅಮ್ಮನ ಕೈಲಿ ತಟ್ಟೆ ಎತ್ತಿಸೋನು ತಂಡದಲ್ಲೂ ಹಾಗೇ ಇರ್ತಾನೆ. ಎಲ್ಲವೂ ನಿಜವೇ ಇರಬಹುದು, ಚರ್ಮ ಚಿವುಟಿ ಕೊಬ್ಬು ಅಳೆಯುವ ಇಕ್ಕುಳ, ಎಗರಿದ ಎತ್ತರ, ತೊಡೆಯ ಸುತ್ತಳತೆ, ಅಂಗೈ ಅಗಲ, ರಕ್ತ, ಮೂತ್ರ, ಅಜ್ಜನ ಹೃದಯ ಎಷ್ಟನೇ ವಯಸ್ಸಿಗೆ ನಿಂತಿತು — ಥೂ, ಸಂತೆಯ ಕುರಿಗೂ ಬಾಯಿ ಬಿಡಿಸಿ ಹಲ್ಲು ನೋಡಿ ಬಿಡುತ್ತಾರೆ, ಕುರಿಯ ಹತ್ತಿರ ಯಾರೂ ನಿನಗೆ ಹೆದರಿಕೆ ಆಗತ್ತಾ ಅಂತ ಕೇಳುವುದಿಲ್ಲ. ಆ ಒಂದು ಪ್ರಶ್ನೆ. ಎಲ್ಲ ಮನೆಯಲ್ಲೂ ಕೇಳಲೇಬೇಕು, ಮೈದಾನದಲ್ಲಿ ಯಾವತ್ತಾದ್ರೂ ಹೆದರಿದ್ದೀಯಾ, ಉತ್ತರ ಒಂದೇ, ಇಲ್ಲ, ಕೇಳುವವನಿಗೂ ಗೊತ್ತು ಹೇಳುವವನಿಗೂ ಗೊತ್ತು, ಸುಳ್ಳು ಹೇಳುವಾಗ ಕಣ್ಣು ಮಿಟುಕಿಸದವನು ಪಾಸು. ಹ್ಯೂಗೋ ಬ್ಯಾಲ್ಫೋರ್ ಮಿಟುಕಿಸಲಿಲ್ಲ, ದೊಡ್ಡ ಶಾಲೆಯ ಹುಡುಗ, ಅವನ ಪರವಾಗಿ ಮಾತಾಡಲಿಕ್ಕೇ ಒಬ್ಬ ಏಜೆಂಟನಿದ್ದ, ಮೆತ್ತನೆ ಸೋಫಾದ ಮೇಲೆ ಬೆನ್ನು ನೆಟ್ಟಗಿಟ್ಟು ಕೂತು, ಹೆದರಿಕೆ ಅಂತ ಅಲ್ಲ, ಸವಾಲು ಅಂದ್ರೆ ನಂಗೆ ಖುಷಿ ಅಂದ, ಕೆಟ್ಟ ಹುಡುಗನಲ್ಲ ಪಾಪ, ಕಲಿಸಿದ್ದನ್ನು ಒಪ್ಪಿಸಿದ, ಚೆನ್ನಾಗಿ ಒಪ್ಪಿಸಿದ.

ಕ್ಲೆಮ್‌ಗೆ ಯಾರೂ ಕಲಿಸಿರಲಿಲ್ಲ. ಆಗಸ್ಟಿನಲ್ಲಿ ಮೊದಲು ನೋಡಿದ್ದು, ಚಳಿ, ಗೋಧಿ ತುಂಬಿಡುವ ಗೋಪುರದಂಥ ಸೈಲೋ ಪಕ್ಕದ ಊರ ಮೈದಾನ, ಸುತ್ತ ಕಾರುಗಳು ಮೂತಿ ಒಳಗೆ ಮಾಡಿ ನಿಂತಿದ್ದವು, ಒಳಗೆ ಕಂಬಳಿ ಹೊದ್ದ ಮುದುಕಿಯರು, ಗೋಲು ಬಿದ್ದರೆ ಹಾರ್ನ್ ಹೊಡೆಯುವವರು, ಲಾಕಿ ಬೇರೆ ಯಾವನೋ ಹುಡುಗನನ್ನು ನೋಡಲು ಹೋದವನು, ಕೈಯಲ್ಲಿ ಮಾಂಸ ತುಂಬಿದ ಬಿಸಿ ಪೈ, ಸಾಸು ಬೆರಳಿಗೆ ಇಳಿಯುತ್ತಿತ್ತು, ಆಗ ಉದ್ದ ಕಾಲಿನ ಒಬ್ಬ ಎಡಗಾಲಲ್ಲಿ ಒದ್ದ ಚೆಂಡು ಗಾಳಿಯನ್ನು ಕೊಯ್ದುಕೊಂಡು ಹೋಗಿ ಓಡುತ್ತಿದ್ದ ಗೆಳೆಯನ ಎದೆಗೆ ಮಗುವನ್ನು ಒಪ್ಪಿಸಿದ ಹಾಗೆ ಕೂತಿತು, ಪೈ ಅಗಿಯುವುದು ನಿಂತಿತು, ಅಂಥ ಎಡಗಾಲನ್ನು ಅವನು ಆ ಸೀಮೆಯಲ್ಲಿ ನೋಡಿರಲಿಲ್ಲ. ಆಮೇಲೆ ಆ ಚೆಂಡು. ಎತ್ತರಕ್ಕೆ ಎದ್ದ ಚೆಂಡು, ಕ್ಲೆಮ್ ಬೆನ್ನು ತಿರುಗಿಸಿ ಹಿಂದಕ್ಕೆ ಓಡಿದ, ಎದುರಿನಿಂದ ದನದ ಹಾಗಿದ್ದವನೊಬ್ಬ ಬರುತ್ತಿದ್ದ, ನೋಡು, ನೋಡಿಬಿಡು, ಎಂದು ಲಾಕಿಯ ಹೊಟ್ಟೆ ಕೂಗಿತು, ಹುಡುಗ ನೋಡಲಿಲ್ಲ, ಕತ್ತು ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತ ಓಡುವವನ ಹೆಡತಲೆ, ಹೆಡತಲೆಯ ಕೆಳಗಿನ ಬಿಳಿ ಗೆರೆ — ಅಲ್ಲ, ಆವತ್ತು ಗೆರೆ ಇರಲಿಲ್ಲ, ಚಳಿಗಾಲ, ಕೂದಲು ಉದ್ದವಿತ್ತು, ಗೆರೆ ನೋಡಿದ್ದು ಆಮೇಲೆ, ಮನೆಯಲ್ಲಿ, ಆದರೂ ಈಗ ನೆನೆದರೆ ಆ ಓಟದಲ್ಲೂ ಅದೇ ಕಾಣುತ್ತದೆ, ಯಾರೋ ಬೇಕಂತಲೇ ಬಳಿದ ಹಾಗೆ. ಇಬ್ಬರೂ ಕೂಡಿ ಬಿದ್ದರು, ಧೂಳೆದ್ದಿತು, ಚೆಂಡು ಕ್ಲೆಮ್‌ನ ಎದೆಯ ಮೇಲಿತ್ತು, ಕಾರುಗಳೆಲ್ಲ ಹಾರ್ನ್ ಹೊಡೆದವು, ಲಾಕಿಯ ಕಣ್ಣಲ್ಲಿ ನೀರು ಬಂತು, ಗಾಳಿ ಅಂದುಕೊಂಡ, ಚಳಿಗಾಳಿ.

ಮನೆಗೆ ಹೋದದ್ದು ಹದಿನೈದು ದಿನದ ಹಿಂದೆ, ಸುಗ್ಗಿ ಶುರುವಾಗಿತ್ತು, ರಸ್ತೆಯುದ್ದಕ್ಕೂ ಲಾರಿಗಳಿಂದ ಚೆಲ್ಲಿದ ಗೋಧಿ, ಅದನ್ನು ಮೇಯುವ ಗಿಳಿಗಳು ಕಾರಿಗೆ ಹೆದರಿ ಏಳುತ್ತಿದ್ದವು, ತಾಯಿ ಮಾರ್ನಿ ಲೀಶ್ಕೆ ಆ ಬಿಸಿಲಲ್ಲಿ ಓವನ್ ಹಚ್ಚಿ ಕುರಿ ತೊಡೆ ಸುಟ್ಟಿದ್ದಳು, ಅಡುಗೆಮನೆ ಬೇಯುತ್ತಿತ್ತು, ಫ್ಯಾನು ತಿರುಗಿ ತಿರುಗಿ ಅದೇ ಬಿಸಿಯನ್ನು ಹಂಚುತ್ತಿತ್ತು. ತಗೊಳ್ಳಿ ಇನ್ನೊಂದ್ ತುಂಡು, ನಾಚ್ಕೋಬೇಡಿ, ನೀವು ತಿನ್ನದೇ ಇದ್ರೆ ನಮ್ ಹುಡುಗ ನಪಾಸು ಅಂತ ನಾನ್ ತಿಳ್ಕೋತೀನಿ. ತಂದೆ ನಾಲ್ಕು ತುತ್ತು ಬಾಯಿಗೆ ಹಾಕಿಕೊಂಡು, ಕೈ ಕುಲುಕಿ, ಲಾರಿ ಕಾಯ್ತಿದೆ ಅಂತ ಎದ್ದುಹೋದ, ಕೈ ಕುಲುಕುವಾಗ ಲಾಕಿ ಮಣಿಕಟ್ಟು ನೋಡಿದ, ನೋಡಿದ್ದು ಆ ಮನುಷ್ಯನಿಗೆ ತಿಳಿಯಿತು, ದಪ್ಪ ಇದೆ ಸ್ವಾಮಿ, ಚಿಂತೆ ಬೇಡ, ಎಂದು ನಕ್ಕ, ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಾರ್ನಿಗೆ ಸುಗ್ಗಿಯ ಹೊತ್ತಿಗೆ ಸೈಲೋದಲ್ಲಿ ಕೆಲಸ, ಲಾರಿ ಬಂದು ನಿಂತರೆ ಮೇಲೆ ಅಟ್ಟದಿಂದ ಉದ್ದನೆಯ ಕೊಳವೆ ಚುಚ್ಚಿ ಒಂದು ಡಬ್ಬಿ ಗೋಧಿ ಎಳೆಯುವುದು, ತೇವ ನೋಡುವುದು, ಇದು ಮೊದಲ ದರ್ಜೆ, ಇದು ದನದ ಮೇವು ಎನ್ನುವುದು, ನಾನೂ ನಿಮ್ ಥರದ್ದೇ ಕೆಲಸದವಳು ಕಣ್ರೀ, ಒಂದೇ ವ್ಯತ್ಯಾಸ, ನಂಗೆ ಬೈಯೋದು ಲಾರಿಯೋನು, ನಿಮ್ಗೆ ಬೈಯೋದು ತಾಯಂದ್ರು. ಎಲ್ಲರೂ ನಕ್ಕರು. ಮತ್ತೆ, ನಿಜ ಹೇಳ್ಲಾ, ಕೆಲವು ಸಲ ಕೊಳವೆ ಹೋಗಿ ಒದ್ದೆ ಮೂಲೆಗೇ ಚುಚ್ಕೊಳತ್ತೆ, ಲಾರಿ ಪೂರ್ತಿ ಒಣಗಿರತ್ತೆ, ಆ ಮೂಲೆ ಮಾತ್ರ ಒದ್ದೆ, ಆದ್ರೂ ಡಬ್ಬೀಲಿ ಬಂದಿದ್ದೇ ಲೆಕ್ಕ, ಏನ್ ಮಾಡೋದು. ಏನು ಮಾಡುವುದು ಅಂತ ಅವಳು ಕೇಳಿದಾಗ ಅವನ ಬಾಯಲ್ಲಿ ಪಾವ್ಲೋವಾದ ತುಂಡಿತ್ತು, ಮೊಟ್ಟೆಯ ಬಿಳಿಯ ನೊರೆ, ಸಕ್ಕರೆ, ನಾಲಗೆಯ ಮೇಲೆ ಕರಗಿಹೋಯಿತು.

ತಟ್ಟೆ ಎತ್ತಿದ್ದು ಕ್ಲೆಮ್. ಯಾರೂ ಹೇಳದೆ ಎದ್ದು, ಎಲ್ಲರದನ್ನೂ ಪೇರಿಸಿಕೊಂಡು, ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತು ತೊಳೆಯತೊಡಗಿದ, ಆಗ ಕಂಡಿತು ಅದು, ಹೆಡತಲೆಯ ಕೆಳಗೆ, ಬಿಸಿಲಿಗೆ ಬೆಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕತ್ತಿಗೂ ಕೂದಲಿಗೂ ನಡುವೆ ಎರಡು ಬೆರಳಗಲ ಹಾಲಿನಂಥ ಬಿಳಿ ಚರ್ಮ. ನೀವ್ ಬರ್ತೀರಂತ ನಿನ್ನೆ ಹಿತ್ಲಲ್ಲಿ ಕೂರ್ಸಿ ಕತ್ರಿ ಹಾಕ್ದೆ, ನೋಡಿ, ಹೊಲ ಉಳುವಾಗ ಬದು ಬಿಟ್ಟ ಹಾಗ್ ಬಿಟ್ಟಿದೀನಿ, ಎಂದಳು ಮಾರ್ನಿ, ಅಮ್ಮಾ ಸುಮ್ನಿರು ಎಂದ ಹುಡುಗ, ಕಿವಿ ಕೆಂಪಾಯಿತು, ಗೆರೆ ಇನ್ನೂ ಬೆಳ್ಳಗೆ ಕಂಡಿತು. ಅವಳು ಒಣಗಿದ ಬಟ್ಟೆ ತರಲು ಹೊರಗೆ ಹೋದಳು, ಬೇಕೆಂದೇ ಹೋದಳು, ಈಗ ಆ ಪ್ರಶ್ನೆ ಕೇಳುವ ಹೊತ್ತು ಅಂತ ಅವಳಿಗೂ ಗೊತ್ತಿತ್ತೇನೋ. ಕ್ಲೆಮ್, ಎಲ್ರಿಗೂ ಕೇಳೋದು ಇದು, ಆಟದಲ್ಲಿ ಯಾವತ್ತಾದ್ರೂ ಹೆದರಿದ್ದೀಯಾ. ನೀರು ಸುರಿಯುತ್ತಿತ್ತು, ಹುಡುಗ ನಲ್ಲಿ ನಿಲ್ಲಿಸಿದ, ತಿರುಗಲಿಲ್ಲ, ಹೂಂ ಎಂದ. ಪ್ರತೀ ಸಲ. ಪ್ರತೀ ಸಲವಾ. ಹಿಂದಕ್ಕೆ ಓಡೋವಾಗ ಹೊಟ್ಟೆ ಒಳಗೆ ಯಾರೋ ಐಸ್ ತುರುಕಿದ ಹಾಗಾಗತ್ತೆ ಮಿಸ್ಟರ್ ಪೆಂಗಿಲಿ, ಆದ್ರೂ ಓಡ್ತೀನಿ, ನಿಂತ್ಕೊಂಡ್ರೆ ಅದಕ್ಕಿಂತ ಕೆಟ್ಟದಾಗತ್ತೆ ಅಂತ ಓಡ್ತೀನಿ. ಆಮೇಲೆ ತಿರುಗಿದ, ಕೈಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿತ್ತು, ಇದನ್ನ ಹೇಳ್ಬಾರ್ದಿತ್ತಾ ಎಂದ. ಇಲ್ಲ, ಪರವಾಗಿಲ್ಲ, ನನ್ ಹತ್ರಾನೇ ಇರ್ಲಿ, ಈ ಅಡುಗೆಮನೆ ದಾಟಲ್ಲ ಅದು. ನಿಮ್ಗೂ ಆಗ್ತಿತ್ತಾ. ಆ ಕಣ್ಣು. ಹೆಂಡತಿಯಾಗಿದ್ದವಳಿಗೂ ಹೇಳಿರಲಿಲ್ಲ, ಅಪ್ಪ ಸಾಯುವಾಗ ಕೈ ಹಿಡಿದುಕೊಂಡು ಅವತ್ತು ಏನಾಯ್ತೋ ಮಗಾ ಅಂತ ಕೇಳಿದಾಗಲೂ ಬಿಸಿಲು ಕಣ್ಣಿಗೆ ಹೊಡೀತು ಅಪ್ಪಾ ಅಂದಿದ್ದ, ಆ ಬೇಯುವ ಅಡುಗೆಮನೆಯಲ್ಲಿ, ಹದಿನೆಂಟರ ಹುಡುಗನಿಗೆ, ಆಗ್ತಿತ್ತು ಕಣಪ್ಪಾ, ನಂಗೂ ಪ್ರತೀ ಸಲ ಅಂದ, ಅಂದ ಮೇಲೆ ಎದೆಯಿಂದ ಚಕ್ಕಡಿಯಷ್ಟು ಭಾರ ಇಳಿಯಿತು, ಹುಡುಗ ನಕ್ಕ, ಅವನೂ ನಕ್ಕ, ಕಟ್ಟಿಸಿದ ಹಲ್ಲಿನ ನಗುವಲ್ಲ ಅದು, ಟವೆಲು ತೆಗೆದುಕೊಂಡು ತಟ್ಟೆ ಒರೆಸಲು ನಿಂತ.

ಹೇಳಪ್ಪಾ, ನಿನ್ ಹುಡುಗ, ನೀನೇ ಕಂಡಿದ್ದು, ಎಂದ ಮರ್ವ್, ಬೋರ್ಡಿನ ಮುಂದೆ ಎದ್ದು ನಿಂತು ಸೊಟ್ಟ ಬೆರಳನ್ನು ಕ್ಲೆಮ್‌ನ ಹೆಸರಿನ ಮೇಲಿಟ್ಟ, ನೊಣ ಹಾರಿತು, ಅಳತೆ ಸರಿ ಇದೆ, ಓಟ ಸರಿ ಇದೆ, ಎಡಗಾಲು ದೇವ್ರು ಕೊಟ್ಟಿದ್ದು, ನಂಗೆ ಇವನೇ ಇಷ್ಟ, ಬ್ಯಾಲ್ಫೋರ್ ಸ್ವಲ್ಪ ಬೆಣ್ಣೆ ಅನ್ಸತ್ತೆ, ಆದ್ರೂ ಕೇಳ್ತೀನಿ, ಲೀಶ್ಕೆಯಲ್ಲಿ ಏನಾದ್ರೂ ಐಬು? ಏನೂ ಇಲ್ಲ ಅನ್ನಬೇಕಿತ್ತು, ಬಾಯಿ ತೆರೆದಿತ್ತು ಕೂಡ, ಎರಡೇ ಮಾತು, ಏನೂ ಇಲ್ಲ, ಮುಗಿದುಹೋಗುತ್ತಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಕೋಚ್ ಸ್ಟಾವ್ರೋಸ್ ಕಾಫಿಯ ಕಪ್ಪಿನ ಮೇಲಿಂದ ನೋಡಿ, ನಂಗೆ ಹಿಂದೆ ನಿಲ್ಲಕ್ಕೆ ಒಬ್ಬ ಬೇಕು ಅಷ್ಟೇ, ಚೆಂಡು ಬಂದಾಗ ಬ್ರೇಕ್ ಒತ್ತೋನು ಬೇಡ, ಅದರ ಬಗ್ಗೆ ನಮ್ ಲಾಕಿಗಿಂತ ಚೆನ್ನಾಗ್ ಯಾರಿಗ್ ಗೊತ್ತು ಹೇಳಿ ಎಂದ, ಮೇಜಿನ ಸುತ್ತ ಇದ್ದವರೆಲ್ಲ ಉಕ್ಕಿ ನಕ್ಕರು, ಮರ್ವ್ ನಕ್ಕು ಕೆಮ್ಮಿದ, ಇವ್ನು ತನ್ ಜಾತಿಯೋರನ್ನೇ ಹುಡುಕ್ಕೊಂಡ್ ಬರ್ತಾನಾ ಅಂತ ನಂಗೂ ಒಂದೊಂದ್ಸಲ ಅನುಮಾನ ಕಣ್ರೋ. ಕಟ್ಟಿಸಿದ ಹಲ್ಲು ಹುಡುಕಿದ ಲಾಕಿ, ಸಿಗಲಿಲ್ಲ, ಬಾಯಲ್ಲಿ ನಗು ಬರಲಿಲ್ಲ, ಎಲ್ಲರೂ ಅವನ ಮುಖ ನೋಡುತ್ತಿದ್ದಾರೆ, ನೇತಾಡುವ ಪೆಡಲು, ಸವೆದ ರಬ್ಬರು, ಎದುರಿನಿಂದ ಪೂರಾ ವೇಗದಲ್ಲಿ ಬರುತ್ತಿರುವ ನಗು, ನೋಡಬೇಡ, ಅದರ ಕಡೆ ನೋಡಬೇಡ — ನೋಡಿದ. ಒಂದ್ ಮಾತಿದೆ, ಎಂದಿತು ಅವನದೇ ದನಿ. ಏನು. ಪ್ರಶ್ನೆ ಕೇಳ್ದಾಗ, ಭಯ ಆಗತ್ತೆ ಅಂದ. ಏನಂದ? ಹೆದರ್ತೀನಿ ಅಂದ, ಪ್ರತೀ ಸಲ ಅಂತೆ, ಹೊಟ್ಟೇಲಿ ಐಸ್ ತುರುಕಿದ ಹಾಗಾಗತ್ತಂತೆ. ಮತ್ತೆ, ಇದನ್ನು ಯಾರು ಹೇಳಿಸಿದರೋ ಗೊತ್ತಿಲ್ಲ, ಯಾರೂ ಹೇಳಿಸಲಿಲ್ಲ, ಭುಜ ಹಾರಿಸಿ, ಒಂದು ಸಣ್ಣ ನಗು ಸೇರಿಸಿ, ನಾನಂತೂ ಅಂಥ ಉತ್ತರ ಎಲ್ಲೂ ಕೇಳಿಲ್ಲಪ್ಪ ಅಂದ.

ಆದ್ರೂ ಓಡ್ತೀನಿ. ಅದನ್ನು ಹೇಳಲಿಲ್ಲ. ಹುಡುಗ ಹೇಳಿದ್ದು ಒಂದು ಮಾತು, ಅದರ ಮುಂದಿನರ್ಧವನ್ನು ಗಂಟಲಲ್ಲೇ ಇಟ್ಟುಕೊಂಡು ಒದ್ದೆ ಮೂಲೆಯನ್ನಷ್ಟೇ ಡಬ್ಬಿಯಲ್ಲಿ ಎಳೆದು ಮೇಜಿನ ಮೇಲೆ ಸುರಿದ, ನಂಗೂ ಪ್ರತೀ ಸಲ ಅಂದ ತನ್ನ ಪಾಲನ್ನು ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡ. ಹೇಳು, ಇನ್ನೂ ಹೊತ್ತಿದೆ, ಮರ್ವ್ ಬೆರಳು ಅಲ್ಲೇ ಇದೆ, ಆದ್ರೂ ಓಡ್ತಾನೆ ಮರ್ವ್, ನಾನು ಕಣ್ಣಾರೆ ನೋಡಿದೀನಿ, ನಾನು ಓಡಲಿಲ್ಲ, ಅವನು ಓಡ್ತಾನೆ, ಅದೇ ವ್ಯತ್ಯಾಸ, ಅದೊಂದೇ ವ್ಯತ್ಯಾಸ ಪ್ರಪಂಚದಲ್ಲಿ — ಹೆಜ್ಜೆ ಗಿಡ್ಡವಾಯಿತು, ಮತ್ತೊಮ್ಮೆ ಗಿಡ್ಡವಾಯಿತು. ಬಾಯ್ಬಿಟ್ಟು ಹೇಳ್ತಾನೆ ಅಂದ್ರೆ ಒಳಗೆ ಇನ್ನೆಷ್ಟಿರ್ಬೇಕು ಎಂದ ಸ್ಟಾವ್ರೋಸ್. ಮರ್ವ್ ಛೆ ಎಂದ, ನಿಜವಾಗಿ ಬೇಜಾರಾದವನ ಹಾಗೆ, ಎಂಥ ಎಡಗಾಲು, ಛೆ, ಆಮೇಲೆ ಪಟ್ಟಿಯನ್ನು ಕಿತ್ತ, ಟಕ್ ಎಂದಿತು, ಬೋರ್ಡಿನ ಕೆಳಗಿನ ತಗಡಿನ ಡಬ್ಬಿಗೆ ಹಾಕಿದ, ಬೇಡವಾದವರೆಲ್ಲ ಅಲ್ಲಿ ಒಬ್ಬರಿಗೊಬ್ಬರು ಕಚ್ಚಿಕೊಂಡು ಬಿದ್ದಿದ್ದರು. ಹೋಗುವಾಗ ಲಾಕಿಯ ಬೆನ್ನು ತಟ್ಟಿದ, ಒಳ್ಳೇ ಕೆಲ್ಸ ಮಾಡ್ದೆ ಪೆಂಗಿಲಿ, ನಿನ್ ಹುಡುಗ ಆದ್ರೂ ಮುಚ್ಚಿಡ್ಲಿಲ್ಲ, ಎದೆ ಬೇಕು ಅದಕ್ಕೆ. ಪೆಂಗಿಲಿ. ಬ್ರೇಕು ಅನ್ನಲಿಲ್ಲ. ಇಷ್ಟು ವರ್ಷಕ್ಕೆ ಮೊದಲ ಸಲ ಅಪ್ಪನ ಹೆಸರು ಹಿಡಿದು ಕರೆದ, ಮತ್ತು — ಇದನ್ನು ಯಾರಿಗೆ ಹೇಳುವುದು, ಇದನ್ನು ಯಾವ ನೀರಿನಲ್ಲಿ ತೊಳೆಯುವುದು — ಒಂದು ಗಳಿಗೆ ಅವನಿಗೆ ಹಿತವಾಯಿತು, ಬೆನ್ನ ಮೇಲೆ ಆ ಸೊಟ್ಟ ಕೈಯ ಬಿಸಿ ಹಿತವಾಯಿತು, ನಾಯಿಗೆ ಆಗುವ ಹಾಗೆ.

ಸಂಜೆ ಟಿವಿಯಲ್ಲಿ ಹೆಸರುಗಳು ಒಂದೊಂದಾಗಿ ಬಿದ್ದವು, ಸಾಸೇಜ್ ರೋಲು, ಬಿಯರು, ದೊಡ್ಡ ಪರದೆ, ಹ್ಯೂಗೋ ಬ್ಯಾಲ್ಫೋರ್ ಎಂದಾಗ ಅವನ ಅಮ್ಮ ಎರಡೂ ಕೈ ಬಾಯಿಗಿಟ್ಟುಕೊಂಡಳು, ಅಪ್ಪ ಅಪ್ಪಿಕೊಂಡ, ಹುಡುಗನ ಮುಖ ಮೊದಲ ಸಲ ಇಸ್ತ್ರಿ ತಪ್ಪಿ ಮಗುವಿನ ಹಾಗೆ ಸುಕ್ಕಾಗಿ ಅತ್ತಿತು, ಅವನ ಮೇಲೆ ಕೋಪ ಮಾಡಿಕೊಳ್ಳಲಿಕ್ಕೂ ಆಗಲಿಲ್ಲ, ಆ ಒಂದು ಸಮಾಧಾನವೂ ಸಿಗಲಿಲ್ಲ. ಉಳಿದ ಕ್ಲಬ್ಬುಗಳ ಸರದಿಯೂ ಮುಗಿಯಿತು, ಲೀಶ್ಕೆ ಎಂಬ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಯಾರ ಮನೆಯ ಊಟ ಉಂಡು ಬಂದಿದ್ದಾನೋ ಅವನೇ ಫೋನ್ ಮಾಡಿ ಹೇಳಬೇಕು, ಅದು ಮರ್ವ್‌ನ ಕಟ್ಟಳೆ, ಮರ್ಯಾದೆ ಅನ್ನುತ್ತಾನೆ ಅದಕ್ಕೆ, ಲಾಕಿ ಹೊರಗೆ ಬಂದ, ಕಾರು ನಿಲ್ಲಿಸುವ ಜಾಗದಲ್ಲಿ ಇನ್ನೂ ಬೆಳಕಿತ್ತು, ಬೇಸಿಗೆಯ ಹೊತ್ತು ಮುಳುಗಲೊಲ್ಲದು, ಕಾರಿನ ಬಾಗಿಲು ಕೈ ಸುಡುವಷ್ಟು ಬಿಸಿ, ಎತ್ತಬೇಡ, ಫೋನ್ ಎತ್ತಬೇಡ, ಹುಡುಗ ಮೊದಲ ಗಂಟೆಗೇ ಎತ್ತಿದ. ಮಿಸ್ಟರ್ ಪೆಂಗಿಲಿ. ಹಿಂದೆ ಬಹಳ ಜನ ಒಟ್ಟಿಗೆ ಉಸಿರು ಹಿಡಿದ ಹಾಗೆ ಸದ್ದಿಲ್ಲ, ಅಕ್ಕಪಕ್ಕದವರೆಲ್ಲ ತಟ್ಟೆ ಹಿಡಿದು ಬಂದಿರಬೇಕು, ಮಾರ್ನಿ ಮತ್ತೆ ಓವನ್ ಹಚ್ಚಿರಬೇಕು. ಕ್ಲೆಮ್, ಆಗ್ಲಿಲ್ಲ ಕಣಪ್ಪಾ. ಹೂಂ, ನೋಡ್ದೆ, ಟಿವೀಲಿ. ಬಹಳ ಹತ್ರ ಬಂದಿತ್ತು. ಪರವಾಗಿಲ್ಲ, ನೀವು ಅಷ್ಟು ದೂರ ಬಂದ್ರಲ್ಲ, ಅಮ್ಮ ನಿಮ್ಗೆ ಥ್ಯಾಂಕ್ಸ್ ಹೇಳು ಅಂದ್ಲು, ಬಾಗಿಲು ತೆರೆದು ಮುಚ್ಚಿದ ಸದ್ದು, ಹೊರಗೆ ಬಂದನೇನೋ, ಜೀರುಂಡೆಗಳು ಕೇಳಿದವು, ದನಿ ಸಣ್ಣದಾಯಿತು, ಒಂದ್ ಕೇಳ್ಲಾ, ನಾನ್ ಎಲ್ಲಿ ಸರಿ ಮಾಡ್ಕೋಬೇಕಿತ್ತು, ಏನ್ ಕಮ್ಮಿ ಆಯ್ತು, ನೇರ ಹೇಳ್ಬಿಡಿ, ನಾನೇನ್ ಅಂದ್ಕೊಳಲ್ಲ.

ಚೆಂಡು ಆಕಾಶದಲ್ಲಿದೆ. ಮೂರನೇ ಸಲ. ಓಡು, ಈಗಲಾದರೂ ಓಡು, ನಿನ್ನಲ್ಲಿ ಏನೂ ಕಮ್ಮಿಯಿಲ್ಲ ಹುಡುಗಾ, ನಾನು ಹೇಳಿಬಿಟ್ಟೆ, ಅಡುಗೆಮನೆಯ ಮಾತನ್ನು ಅರ್ಧ ಮುರಿದು ಮಾರಿದೆ, ನಿನ್ನನ್ನು ಕೊಟ್ಟು ನನ್ನ ಹೆಸರನ್ನು ಬಿಡಿಸಿಕೊಂಡೆ, ಬೈ ನನಗೆ, ನಿನ್ನ ಅಪ್ಪನನ್ನು ಕರೆ, ಆ ದಪ್ಪ ಮಣಿಕಟ್ಟಿನ ಕೈಯಲ್ಲಿ ನನಗೆ ಬಾರಿಸಲಿ — ಎಡಗಾಲು, ಎಂದ ಲಾಕಿ. ಏನು? ನಿನ್ ಎಡಗಾಲು, ಸ್ವಲ್ಪ ಸಾಲ್ದು ಅಂದ್ರು. ನಂಬುವುದಿಲ್ಲ ಅವನು, ಹೇಗೆ ನಂಬುತ್ತಾನೆ, ಆ ಎಡಗಾಲು ಅವನದೇ ಅಲ್ಲವೇ, ನಂಬಬೇಡ, ಸುಳ್ಳು ಬೊಗಳ್ತಿದೀಯಾ ಅನ್ನು, ಅಂದುಬಿಡು. ಎಡಗಾಲಾ, ಎಂದ ಕ್ಲೆಮ್, ಆಮೇಲೆ ಒಂದು ಉದ್ದ ಉಸಿರು, ದೊಡ್ಡ ಮೂಟೆ ಇಳಿಸಿದವನ ಉಸಿರು, ಸದ್ಯ, ನಾನು ಅವತ್ತು ಹೇಳಿದ್ನಲ್ಲ ಆ ಮಾತು, ಅದ್ರಿಂದಾನೇ ಹೋಯ್ತೇನೋ ಅಂತ ಸಂಜೆಯಿಂದ ಒದ್ದಾಡ್ತಿದ್ದೆ, ನೀವ್ ಯಾರ್ ಹತ್ರನೂ ಹೇಳಿಲ್ಲ ಅಲ್ವಾ. ಇಲ್ಲ. ಗೊತ್ತು, ಸುಮ್ನೆ ಕೇಳ್ದೆ, ಬೇಜಾರ್ ಮಾಡ್ಕೋಬೇಡಿ, ಎಡಗಾಲು ಅಂದ್ರೆ ಸರಿ ಬಿಡಿ, ಅದನ್ನ ರಿಪೇರಿ ಮಾಡ್ಬೋದು, ಮುಂದಿನ ವರ್ಷ ಮತ್ತೆ ನೋಡಕ್ಕೆ ಬರ್ತೀರಾ. ಬರ್ತೀನಿ. ಫೋನನ್ನು ಎಲ್ಲೋ ಇಟ್ಟ ಸದ್ದು, ನೀರಿನ ಟ್ಯಾಂಕಿನ ಕಟ್ಟೆಯ ಮೇಲಿರಬೇಕು, ಆರಿಸುವುದನ್ನು ಮರೆತಿದ್ದಾನೆ, ಲಾಕಿಯೂ ಆರಿಸಲಿಲ್ಲ, ಕಿವಿಗೆ ಒತ್ತಿಕೊಂಡು ನಿಂತ, ಮೊದಲು ಜೀರುಂಡೆ, ಆಮೇಲೆ ಹೆಜ್ಜೆ, ಆಮೇಲೆ ಢಬ್, ಶೆಡ್ಡಿನ ತಗಡಿಗೆ ಚೆಂಡು, ಮತ್ತೆ ಢಬ್, ಕ್ಲೆಮ್, ಮನೆ ತುಂಬ ಜನ ಇದಾರೆ ಕಣೋ, ಒಳಗ್ ಬಾರೋ, ಮಾರ್ನಿಯ ದನಿ, ಬಂದೆ ಅಮ್ಮಾ, ಇದೊಂದ್ ಸಲ, ಢಬ್, ದೇವರು ಕೊಟ್ಟ ಎಡಗಾಲನ್ನು ಹುಡುಗ ತಿದ್ದುತ್ತಿದ್ದಾನೆ, ಕಾಲಿನ ಕೋನ ಬದಲಿಸಿ ನೋಡುತ್ತಿರಬೇಕು, ಹೆಜ್ಜೆ ಬದಲಿಸಿ ನೋಡುತ್ತಿರಬೇಕು, ಸರಿಯಿದ್ದದ್ದನ್ನು ಬಿಚ್ಚಿ ಹಾಕುತ್ತಿದ್ದಾನೆ, ಢಬ್, ಸದ್ದು ಆಗಲೇ ಸ್ವಲ್ಪ ಸೊಟ್ಟ ಕೇಳುತ್ತಿದೆ, ಬೇಡ ಮಗಾ ಎಂದ ಲಾಕಿ, ಫೋನಿನೊಳಗೆ, ಟ್ಯಾಂಕಿನ ಕಟ್ಟೆಗೆ, ಯಾರೂ ಇಲ್ಲದ ಕಡೆಗೆ, ಢಬ್, ಹುಡುಗ ಬೆನ್ನು ತಿರುಗಿಸಿ ನಿಂತಿದ್ದಾನೆ, ತಗಡಿನ ಕಡೆ ಮುಖ, ತಿರುಗುವುದಿಲ್ಲ, ನೋಡುವುದಿಲ್ಲ, ಹಿಂದಿನಿಂದ ಏನು ಬಂದು ಬಡಿಯಿತೆಂದು ಯಾವತ್ತಿಗೂ ನೋಡುವುದಿಲ್ಲ, ಇಟ್ಟಿಗೆಯ ಬಣ್ಣದ ಕತ್ತು, ಅಮ್ಮ ಕತ್ತರಿ ಹಾಕಿದ ಕೂದಲು, ನಡುವೆ ಎರಡು ಬೆರಳಗಲ, ಹಾಲಿನ ಹಾಗೆ, ಆ ಬಿಳಿ ಗೆರೆ —